ಇಬ್ಬರು ಬೇಕು

ಕೌದಿ ಪೀರಪ್ಪನ ಆಯಿಯದು.
ನಲವತ್ತೊಂದು ತೇಪೆ, ಒಂದೊಂದರ ಹಿಂದೆ
ಗುಲಗಂಜಿಯಷ್ಟು ಒಂದೊಂದು ದೀಪ.
ತಾಮ್ರದ ತಗಡೆರಡು ಗಾಜೀಪುರದ ಗುಜರಿಯಲ್ಲಿ ಸಿಕ್ಕಿದ್ದು,
ಯಾರದೋ ಬಚ್ಚಲ ಹಂಡೆಯ ತಳ,
ಹುಣಸೆಹಣ್ಣು ತಿಕ್ಕಿದರೂ ಹೋಗದ ಮಸಿ.
ಕೂರಿಸಿದ್ದು ಶಹಾಬಾದ್ ಕಲ್ಲಿನ ಮೇಲೆ,
ಒಂದು ಈ ತುದಿಗೆ, ಒಂದು ಆ ತುದಿಗೆ,
ನಡುವೆ ನನ್ನ ಮಾರಿಗಿಂತ ನಾಲ್ಕು ಬೆರಳು ಹೆಚ್ಚು.
ಒಬ್ಬರ ಕೈಗೆ ನಿಲುಕದು
ಅಂತ ನಾವೇ ಅಳೆದು ನಾವೇ ನಂಬಿದ್ದೆವು.

ಬೋರ್ಡು ಬರೆದವಳು ನಾನು: ಇಬ್ಬರು ಬೇಕು.
ಒಬ್ಬರು ಈ ತಗಡು, ಒಬ್ಬರು ಆ ತಗಡು,
ಉಳಿದ ಕೈ ಕೈಗೆ.

ಲೆಕ್ಕ ಬರೆದವಳು ತಹೇರಾ.
ಹಿಡಿತ ಎಷ್ಟೋ ಅಷ್ಟು ತೇಪೆ ಬೆಳಕು;
ತೀರಾ ಹೆಚ್ಚಾದರೆ ತಂತಿಗೆ ತಂತಿ ತಾಕಿದೆಯೆಂದು ತಿಳಿ,
ಆರಿಸು.
ಇದು ಅವಳ ಪ್ರೋಗ್ರಾಮಿನ ನೂರಾ ಹನ್ನೆರಡನೆಯ ಸಾಲು.

ಕಲಬುರಗಿಯ ಏಪ್ರಿಲ್ಲು. ಡ್ರಾಯಿಂಗ್ ಹಾಲಿನ ಕೂಲರಿಗೆ
ನೀರು ಹಾಕಿದಷ್ಟೂ ಹುಲ್ಲು ಒಣಗುತ್ತಿತ್ತು.
ಬೆವರಿದ ಕೈಯಾಗ ಕರೆಂಟು ಸಲೀಸು ಹರೀತದ,
ನಮ್ಮೂರ ಬ್ಯಾಸಗಿ ಒಂದಕ್ಕರ ಬಂತು, ಅಂದ ಪೀರಪ್ಪ.

ಮೊದಲು ಎಚ್ಚೋಡಿ, ಜೊತೆಗೆ ಹೊರಗಿನ ಪರೀಕ್ಷಕರು.
ಕಿರುಬೆರಳಿಗೆ ಕಿರುಬೆರಳು: ಏಳು ತೇಪೆ.
'ಇದರದು ಔಟ್‌ಪುಟ್ ಏನು?'
ನಾವು ಮೂವರೂ ಕೌದಿಯ ಕಡೆ ನೋಡಿದೆವು.

ಎರಡನೆಯ ವರ್ಷದ ಹುಡುಗ, ಹುಡುಗಿ,
ಎಲ್ಲರೆದುರು ಕೈ ಹಿಡಿಯಲಾರದೆ
ಸ್ಟೀಲಿನ ಸ್ಕೇಲಿನ ಎರಡು ತುದಿ ಹಿಡಿದರು.
ಹತ್ತಿತು! ಹದಿನೆಂಟು!
ಕೌದಿ ನೋಡಿದರು, ಚಪ್ಪಲಿ ನೋಡಿಕೊಂಡರು,
ಮೂವತ್ತು ಸೆಂಟಿಮೀಟರಿನಾಚೆಯ ಮುಖವೊಂದನ್ನು ಬಿಟ್ಟು.
ಹಿಂದೆ ನಿಂತಿದ್ದವನು ಕಟ್ಟಿಗೆಯ ಸ್ಕೇಲು ತಂದು ನೋಡಿ
ಮಷೀನು ಕೆಟ್ಟದ ಅನ್ನುತ್ತ ಹೋದ.

ಆಳಂದದಿಂದ ಬಂದಿದ್ದ ಒಬ್ಬ ತಾಯಿ
ಮೀಸೆ ಬಂದ ಮಗನ ಕೈ ಹಿಡಿದು, ಇಪ್ಪತ್ತಾರು,
ನೋಡಿ ಆಯ್ತಲ್ಲ ಬಿಡು ಅಂದರೂ ಬಿಡಲಿಲ್ಲ.
ಸಾಲಿನಲ್ಲಿದ್ದವರು ಗದ್ದಲ ಮಾಡಿದರು.

ಐದೂವರೆಗೆ ಹಾಲು ಖಾಲಿ.
ಭಾಗಮ್ಮ ನೆಲ ಒರೆಸುತ್ತ ಬಂದಳು,
ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಬೇಕಾದ ಎತ್ತರದ ಹೆಂಗಸು.
ಪರದೆಯ ಹಿಂದೆ ವೈರು ಸುತ್ತುತ್ತಿದ್ದ ನಾವು
ಅವಳಿಗೆ ಕಾಣಲಿಲ್ಲ.
ಇಬ್ಬರು ಬೇಕು, ಎಂದು ಗಟ್ಟಿಯಾಗಿ ಓದಿದಳು,
ಬಾಡಿಗೆ ಮನೆಯ ಬಾಗಿಲಲ್ಲಿ
ಕುಟುಂಬದವರಿಗೆ ಮಾತ್ರ ಅಂತ ಓದುವ ದನಿಯಲ್ಲಿ.
ಅತ್ತ ನೋಡಿದಳು. ಇತ್ತ ನೋಡಿದಳು.
ಆಮೇಲೆ ಫಿನಾಯಿಲ್ ನಾರುವ ಒದ್ದೆ ಕೈ ಎರಡನ್ನೂ ಚಾಚಿ,
ಕಲ್ಲಿಗೆ ಎದೆ ತಾಕುವಷ್ಟು ಬಾಗಿ
ಮುಟ್ಟಿದಳು.

ನಲವತ್ತೊಂದು.
ಆಯಿಯ ಮದುವೆ ಸೀರೆಯ ಇಳಕಲ್ ಸೆರಗಿನ ಚೂರು.
ದಿನವಿಡೀ ಒಮ್ಮೆಯೂ ಹತ್ತದೆ ಮೂಲೆಯಲ್ಲಿದ್ದ
ಯಾವುದೋ ಕೂಸಿನ ಕುಂಚಿಗೆಯ ಹಸಿರು ತುಂಡು.
ಗೋಡೆಯ ಮೇಲೆ ಅವಳ ನೆರಳು, ಕೈ ಅಗಲಿಸಿಕೊಂಡು.

ಒಂದು, ಎರಡು, ಮೂರು ಸೆಕೆಂಡು.
ನೂರಾ ಹನ್ನೆರಡನೆಯ ಸಾಲು ಎಚ್ಚೆತ್ತು
ಎಲ್ಲವನ್ನೂ ಆರಿಸಿತು.

'ಯವ್ವಾ, ಯಾರರ ಅದೀರೇನ? ನಾ ಏನರ ಕೆಡಿಸಿದೆನೇನ್ರಿ?'

ಇಲ್ರಿ ಭಾಗಮ್ಮ, ಅಂದೆ.
ಬೇರೆ ಮಾತು ಹೊಳೆಯಲಿಲ್ಲ.
ಒಬ್ಬಾಕಿ ಮುಟ್ಟಬಾರದಿತ್ತು ಕಾಣ್ತದ, ಎಂದು ನಕ್ಕು
ಬಕೀಟು ಎತ್ತಿಕೊಂಡಳು.

ಕೈ ಒದ್ದೆಯಿತ್ತು, ಅದಕ್ಕೆ, ಅಂದಳು ತಹೇರಾ.
ಒಂದೇ ಮೈಯೆಂದರೆ ದಾರಿ ಅರ್ಧ, ತಡೆಯೂ ಅರ್ಧ.
ಖರೇನೇ. ಲೆಕ್ಕದಲ್ಲಿ ತಪ್ಪಿಲ್ಲ.
ನನ್ನ ಮಾರನ್ನೇ ಊರ ಮಾರು ಅಂದುಕೊಂಡದ್ದೊಂದೇ ತಪ್ಪು.

ರಾತ್ರಿ ಲ್ಯಾಪ್‌ಟಾಪಿನ ಬೆಳಕಲ್ಲಿ
ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.
ತೆಗೆದಳೋ ಬಿಟ್ಟಳೋ ನಾನು ಕೇಳಲಿಲ್ಲ.
ಬೋರ್ಡು ತಿದ್ದಲು ಬಣ್ಣ ಉಳಿದಿರಲಿಲ್ಲ.
ಕಸ ಚೆಲ್ಲಿ ಹಿಂತಿರುಗುವಾಗ ಕಂಡೆ:
ಬಾಟಲಿಯ ನೀರು ಬಗ್ಗಿಸಿಕೊಂಡು ತಹೇರಾ
ನಮಾಜಿಗೆ ಮುಂಚಿನ ಹಾಗೆ, ಮೊಣಕೈತನಕ, ನಿಧಾನವಾಗಿ
ಕೈ ತೋಯಿಸಿಕೊಳ್ಳುತ್ತಿದ್ದಳು.
ಪೀರಪ್ಪ ಏನೂ ಅನ್ನದೆ
ಆ ತುದಿಯ ತಗಡನ್ನು
ನಾಲ್ಕು ಬೆರಳು ಇತ್ತ ಸರಿಸಿದ.